ಮಾತು ಹುಡುಕಿ ಹೋದ ಗುಳೆ

ನನ್ನ ಮಗನಿಗೆ ಬಾಳೆಹಣ್ಣು ಅಂದರೆ ಕೆಂಪು.

ಕಮಲಾಪುರ ನನ್ನ ತವರು. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹುಮನಾಬಾದ್ ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಕೊಂಡೊಯ್ಯುವ ಹಣ್ಣು ಅದು. ಮಗ ಬಾಯಿಗಿಟ್ಟ ಮೊದಲ ಹಣ್ಣೂ ಅದೇ. ನಮ್ಮಪ್ಪ ಸಿಪ್ಪೆ ಸುಲಿದು, ಚೂರು ಮಾಡಿ, ಅಂಗೈಯಲ್ಲಿಟ್ಟು ಹಿಡಿದರೆ ಅವನ ಕಣ್ಣು ಅರಳುತ್ತಿದ್ದವು. ಅವನಿಗೆ ನಾಲ್ಕು ವರ್ಷವಾದಾಗ ದೂರದ ಶಹರವೊಂದರ ಥೆರಪಿ ಕೋಣೆಯಲ್ಲಿ ಬರೀ ಗೆರೆಯಲ್ಲಿ ಬರೆದ ಹಣ್ಣಿನ ಚಿತ್ರಗಳನ್ನು ಸಾಲಾಗಿಟ್ಟು, ಒಂದೊಂದರ ಮೇಲೂ ಅದರ ಬಣ್ಣದ ಬಿಲ್ಲೆ ಇಡು ಎಂದರು. ಸೇಬಿನ ಮೇಲೆ ಕೆಂಪು ಇಟ್ಟ. ದ್ರಾಕ್ಷಿಯ ಮೇಲೆ ಹಸಿರು. ಬಾಳೆಹಣ್ಣಿನ ಮೇಲೆ ಮತ್ತೆ ಕೆಂಪು. ಅವರು ಅವನ ಕೈ ಹಿಡಿದು ಹಳದಿ ಬಿಲ್ಲೆ ಇಡಿಸಿದರು. ಅವನು ಅದನ್ನು ತೆಗೆದು ಕೆಂಪು ಇಟ್ಟ. ಮತ್ತೆ ಹಳದಿ, ಮತ್ತೆ ಕೆಂಪು. ಮೂರನೆಯ ಸಲಕ್ಕೆ ಕಿರುಚಿ ಹಣೆಯನ್ನು ಮೇಜಿಗೆ ಚಚ್ಚಿಕೊಂಡ. ಸಂಜೆ ಕೈಗೆ ಬಂದ ವರದಿಯಲ್ಲಿ ಬಣ್ಣಗಳ ಗುರುತು ಇಲ್ಲ, ಹಠಮಾರಿ ವರ್ತನೆ ಎಂದು ಬರೆದಿತ್ತು.

ನಾನು ಗಾಜಿನ ಆಚೆ ಕೂತು ಎಲ್ಲವನ್ನೂ ನೋಡಿದ್ದೆ. ತಾಯಂದಿರು ಒಳಗೆ ಬರುವಂತಿರಲಿಲ್ಲ. 'ನಮ್ಮ ಊರಾಗ ಬಾಳಿಹಣ್ಣು ಕೆಂಪಗ ಇರ್ತಾವ್ರಿ' ಎಂದು ಹೇಳಬೇಕೆಂದು ಬಾಗಿಲ ತನಕ ಹೋದೆ. ಅಲ್ಲಿ ಮಾತೆಲ್ಲ ಇಂಗ್ಲಿಷ್, ಹಿಂದಿ. ಬಾಯಿ ಬರಲಿಲ್ಲ. ಆ ರಾತ್ರಿ ರೈಲಿನಲ್ಲಿ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಾಗ, ಮಾತು ಬರದವರು ಈ ಬೋಗಿಯಲ್ಲಿ ಇಬ್ಬರಿದ್ದೇವೆ ಅನ್ನಿಸಿತು.

ನಮ್ಮ ಮನೆ ಇರುವುದು ಕಪನೂರದಲ್ಲಿ. ಕಲಬುರಗಿ ಶಹರದಿಂದ ಹುಮನಾಬಾದ್ ಕಡೆ ಹೊರಟರೆ ಸಿಗುವ ಕೈಗಾರಿಕಾ ಪ್ರದೇಶ. ಯಜಮಾನರು ದಾಲ್ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ ಮಿಲ್ಲುಗಳಿಗೆ ಹಗಲೂ ರಾತ್ರಿ ಕೆಲಸ. ನೆಲದಿಂದಲೇ ಏಳುವಂಥ ಒಂದು ಗುಂಯ್ ಸದ್ದು ಮನೆಯೊಳಗೆ ಸದಾ ಇರುತ್ತದೆ. ಮಗ ಆ ಸದ್ದಿನಲ್ಲೇ ಬೆಳೆದ. ಎರಡು ವರ್ಷದವನಿದ್ದಾಗ ತೊಗರಿ ಕಾಳನ್ನು ಹೊಸ್ತಿಲ ಗುಂಟ ಒಂದಕ್ಕೊಂದು ತಾಗಿಸಿ ತಾಸುಗಟ್ಟಲೆ ಜೋಡಿಸುತ್ತಿದ್ದ. ಯಾರಾದರೂ ದಾಟುವಾಗ ಒಂದು ಕಾಳು ಸರಿದರೂ ಸಾಕು, ಮುಗಿಲು ಹರಿದಂತೆ ಅಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವುಡನೇ ಎಂದು ಹೆದರಿದೆವು. ಆದರೆ ಅಡುಗೆಮನೆಯಲ್ಲಿ ಬಿಸ್ಕೀಟಿನ ಹಾಳೆ ಸರಕ್ ಎಂದರೆ ಓಡಿ ಬರುತ್ತಿದ್ದ. 'ತಡಿಯವ್ವಾ, ಗಂಡುಮಕ್ಕಳು ತಡಾ ಮಾಡಿ ಮಾತಾಡ್ತಾವ. ಇವರಪ್ಪನೂ ನಾಕು ವರ್ಷಕ್ಕ ಬಾಯಿ ಬಿಟ್ಟಾನ' ಎಂದರು ಅತ್ತೆ. ಶರಣಬಸಪ್ಪನ ಗುಡಿಗೆ ಹರಕೆ ಹೊತ್ತೆವು. ಬಂದೇ ನವಾಜ್ ದರ್ಗಾದಿಂದ ನೆರೆಮನೆಯ ಚಾಚಿ ತಾಯಿತ ತಂದು ಕಟ್ಟಿದರು. ಅವರ ಪ್ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. ಆದರೆ ಒಂದೂವರೆ ವರ್ಷ ಹೀಗೆ ಹೋಯಿತು. ಮೂರೂವರೆಗೆ ಆಟಿಸಂ ಎಂಬ ಶಬ್ದ ನಮ್ಮ ಮನೆಗೆ ಬಂತು. ಅದನ್ನು ಹೇಳಿದ ಡಾಕ್ಟರು ಚೀಟಿಯಲ್ಲಿ ಔಷಧ ಬರೆಯಲಿಲ್ಲ. 'ಸಾಧ್ಯ ಇದ್ರ ದೊಡ್ಡ ಊರಿಗೆ ಶಿಫ್ಟ್ ಆಗ್ರಿ' ಎಂದರು.

ಊರು ಬಿಡುವುದು ಕಲಬುರಗಿಯವರಿಗೆ ಹೊಸದಲ್ಲ. ನಮ್ಮಲ್ಲಿ ಅದಕ್ಕೆ ಗುಳೆ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಗೆ ಬೀಗ ಬೀಳುತ್ತದೆ; ಜನ ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಸಾಲಿ ಸಲುವಾಗಿ ಊರು ಬಿಡುವುದೂ ಹಳೆಯ ರೂಢಿ. ಕಮಲಾಪುರದ ಸುತ್ತಲ ಹಳ್ಳಿಯವರು ಕಲಬುರಗಿಯಲ್ಲಿ ಬಾಡಿಗೆಗೆ ರೂಮ್ ಹಿಡಿದು ಮಕ್ಕಳನ್ನಿಟ್ಟು, ರೊಟ್ಟಿ ಬಡಿದು ಹಾಕಲು ಅಜ್ಜಿಯನ್ನು ಕಳಿಸುತ್ತಾರೆ. ನಾನೂ ಹಾಗೆ ಓದಿದವಳು. ಮಗನ ಸಲುವಾಗಿ ಮನೆ ಬಿಡಬೇಕು ಎಂದಾಗ ನಮ್ಮ ಮನೆಯಲ್ಲಿ ಯಾರೂ ಬೆಚ್ಚಲಿಲ್ಲ. ಎಲ್ಲಿಗೆ ಎನ್ನುವುದೊಂದೇ ತೊಡಕು.

ನಕ್ಷೆ ಹಿಡಿದು ನೋಡಿದರೆ ನಮಗೆ ಹೈದರಾಬಾದ್ ಸಮೀಪ, ಸೋಲಾಪುರ ಇನ್ನೂ ಸಮೀಪ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಈಗ ಅದರ ಹೆಸರು ನಿಪಿಡ್. ಆಟಿಸಂ ಎಷ್ಟಿದೆ ಎಂದು ಅಳೆದು ಪ್ರಮಾಣಪತ್ರ ಕೊಡಲು ದೇಶದಲ್ಲಿ ಬಳಸುವ 40 ಅಂಶಗಳ ಐಎಸ್‌ಎಎ ಅಳತೆಗೋಲು ಸಿದ್ಧವಾದದ್ದು ಅಲ್ಲೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, 1995ರಿಂದ ನಡೆಯುತ್ತಿರುವ ಆಶಾ ಇದೆ, ಡಾ. ಪ್ರತಿಭಾ ಕಾರಂತರು ಕಟ್ಟಿದ ಕಾಮ್ ಡೀಲ್ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್. ಸಮೀಪದ ಊರಿಗೆ ಹೋದರೆ ತೆಲುಗು, ಮರಾಠಿ. ಕನ್ನಡದ ಊರಿಗೆ ಹೋಗಬೇಕೆಂದರೆ ಒಂದು ಇಡೀ ರಾತ್ರಿಯ ರೈಲು. ಮಾತೇ ಬರದ ಮಗುವಿಗೆ ಯಾವ ಭಾಷೆಯಾದರೇನು ಎಂದು ಒಬ್ಬರು ನನಗೆ ಹೇಳಿದ್ದುಂಟು. ಆದರೆ ಮಗು ಆಡದಿದ್ದರೂ ಕೇಳುತ್ತಿರುತ್ತದೆ. ಅಜ್ಜಿ ಬೈಯುವುದು, ಅಪ್ಪ ಫೋನಿನಲ್ಲಿ ಮಾತಾಡುವುದು, ತರಕಾರಿಯವನು ಕೂಗುವುದು ಎಲ್ಲವೂ ಅದರ ಕಿವಿಯಲ್ಲಿ ಮನೆ ಮಾಡಿರುತ್ತವೆ. ಮನೆಮಾತು ಬಿಟ್ಟು ಒಂದೇ ಭಾಷೆ ಆಡಿ ಎಂದು ತಜ್ಞರು ಹೇಳುತ್ತಿದ್ದ ಕಾಲವಿತ್ತು. ಎರಡು ಭಾಷೆಯ ಮನೆಯಲ್ಲಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳಿಗೆ ಕೆಡುಕಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿದ ಮೇಲೂ ಆ ಸಲಹೆ ಅಲ್ಲಲ್ಲಿ ಕಿವಿಗೆ ಬೀಳುತ್ತದೆ.

ಇಂಥ ದಾರಿಯನ್ನು ನಮಗಿಂತ ಮೊದಲು ನಡೆದ ತಾಯಿಯೊಬ್ಬರು ಕರ್ನಾಟಕದಲ್ಲೇ ಇದ್ದರು. ಸೋಮಾ ಮುಖೋಪಾಧ್ಯಾಯ. ಮಗ ಟಿಟೊನನ್ನು ಕರೆದುಕೊಂಡು ಅವರು ಮೈಸೂರು, ವೆಲ್ಲೂರು, ಬೆಂಗಳೂರು ಎಂದು ಕಲಿಸುವವರನ್ನು ಹುಡುಕಿ ಅಲೆದರು. ಪೆನ್ಸಿಲ್ ಹಿಡಿಯಲಾರದ ಅವನ ಬೆರಳಿಗೆ ಅದನ್ನು ಕಟ್ಟಿ ಬರೆಯಿಸಿದರು. ಬೆಂಗಳೂರಿನಲ್ಲಿ ಅವನ ಮಾತಿಗಾಗಿ ದುಡಿದವರು ಇದೇ ಪ್ರತಿಭಾ ಕಾರಂತರು. ಟಿಟೊ 8ರಿಂದ 11ನೇ ವಯಸ್ಸಿನೊಳಗೆ ಬರೆದದ್ದನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 'ಬಿಯಾಂಡ್ ದಿ ಸೈಲೆನ್ಸ್' ಎಂದು ಪ್ರಕಟಿಸಿತು. ಮರುವರ್ಷ ತಾಯಿ ಮಗ ಅಮೆರಿಕಕ್ಕೇ ಹೋದರು. ಸೋಮಾ ಅಲ್ಲಿ ಕಲಿಸತೊಡಗಿದ ವಿಧಾನದ ಬಗ್ಗೆ ತಕರಾರಿದೆ. ಅದರಲ್ಲಿ ಮೂಡುವ ಮಾತು ಮಗುವಿನದೋ ಪಕ್ಕದಲ್ಲಿ ಕೂತು ಪ್ರಚೋದಿಸುವವರದೋ ಖಚಿತವಿಲ್ಲ, ಆದ್ದರಿಂದ ಅದನ್ನು ಬಳಸಬೇಡಿ ಎಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಹೇಳಿತು. ಆ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ. ಆದರೂ ಆ ತಾಯಿಯ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಬೇರೆಯದು: ಊರು ಬದಲಾದಂತೆಲ್ಲ ಕಲಿಸುವವರು ಬದಲಾದರು, ಜೊತೆಗೆ ಉಳಿದ ಒಬ್ಬಳೇ ಒಬ್ಬ ಶಿಕ್ಷಕಿ ಅವನ ತಾಯಿ.

ನಾವು ಮೈಸೂರು ಆರಿಸಿಕೊಂಡೆವು. ಒಂದೇ ಕಾರಣ. ಆಯಿಷ್‌ನ ಪ್ರಿಸ್ಕೂಲಿನಲ್ಲಿ ತಾಯಿ ಗಾಜಿನ ಆಚೆ ಕೂರುವುದಿಲ್ಲ. ಮಗುವಿನ ಪಕ್ಕದಲ್ಲೇ ಕೂತು ಕಲಿಯುತ್ತಾಳೆ, ಕಲಿಸುತ್ತಾಳೆ.

ಬಸವ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಟ್ರಂಕು, ಒಂದು ಚೀಲ ಬಿಳಿಜೋಳದ ಹಿಟ್ಟು ಹೇರಿಕೊಂಡು ಹೊರಟೆವು. ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಯಜಮಾನರು ಎರಡು ದಿನವಿದ್ದು ಕೆಲಸಕ್ಕೆ ತಿರುಗಿ ಬಂದರು. ಆಮೇಲಿನ ಮೂರು ವಾರ ನೆನೆದರೆ ಇವತ್ತೂ ಎದೆ ಹಿಂಡುತ್ತದೆ. ಆಟಿಸಂ ಇರುವ ಮಗುವಿಗೆ ಮನೆಯೆಂದರೆ ಬರೀ ಗೋಡೆಯಲ್ಲ. ನಲ್ಲಿ ಯಾವ ಕಡೆ ತಿರುಗುತ್ತದೆ, ಬೆಳಕು ಯಾವ ಕಿಟಕಿಯಿಂದ ಬರುತ್ತದೆ, ತಾಟಿನ ಅಂಚು ಹೇಗಿದೆ, ಇವೆಲ್ಲ ಸೇರಿ ಅದರ ಲೋಕ. ನಿನ್ನೆಯಂತೆಯೇ ಇವತ್ತೂ ಇರಬೇಕು ಎಂಬುದೇ ಅದರ ಧೈರ್ಯ. 1943ರಲ್ಲಿ ಲಿಯೊ ಕ್ಯಾನರ್ ಈ ಮಕ್ಕಳ ಬಗ್ಗೆ ಮೊದಲು ಬರೆದಾಗ ಎತ್ತಿ ಹೇಳಿದ ಎರಡು ಲಕ್ಷಣಗಳಲ್ಲಿ ಒಂದು ಒಂಟಿತನ, ಇನ್ನೊಂದು ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಂಬಲ. ಬದಲಾವಣೆಯನ್ನು ಎಲ್ಲರಿಗಿಂತ ಕಡಿಮೆ ತಾಳಬಲ್ಲ ಮಗುವನ್ನೇ ನಾವು ಎಲ್ಲರಿಗಿಂತ ಹೆಚ್ಚು ಊರು ಬದಲಿಸುತ್ತಿದ್ದೇವೆ. ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಆ ಮೂರು ವಾರಗಳಲ್ಲಿ. ಆತನಕ ಮಗನಿಗೆ ಬಂದಿದ್ದ ಎರಡು ಮೂರು ಶಬ್ದಗಳೂ ಹೋದವು. ಹಗಲು ಊಟವಿಲ್ಲ, ರಾತ್ರಿ ನಿದ್ದೆಯಿಲ್ಲ. ಗೋಡೆಗೆ ಕಿವಿಯಿಟ್ಟು ಏನನ್ನೋ ಹುಡುಕುತ್ತಿದ್ದ.

ಅವನು ಹುಡುಕುತ್ತಿದ್ದದ್ದು ಏನೆಂದು ತಿಳಿದದ್ದು ಯಜಮಾನರಿಗೆ. ಫೋನಿನಲ್ಲಿ ನಾನು ಅಳುತ್ತಿದ್ದೆ. ಅವರ ಹಿಂದೆ ಮಷಿನ್ನಿನ ಸದ್ದು. ಮಗ ಓಡಿ ಬಂದು ಫೋನಿಗೆ ಕೆನ್ನೆ ಹಚ್ಚಿ ನಿಂತುಬಿಟ್ಟ. ಮರುದಿನ ಅವರು ಮಿಲ್ಲಿನ ಸದ್ದನ್ನೇ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರು. ಆ ರಾತ್ರಿ ದಿಂಬಿನ ಬಳಿ ಅದನ್ನು ಹಚ್ಚಿಟ್ಟೆ. ನಿದ್ದೆ ಹೋದ. ಮೈಸೂರಿನ ಆ ಕೋಣೆಯಲ್ಲಿ ಹದಿನಾಲ್ಕು ತಿಂಗಳೂ ಕಪನೂರದ ಮಿಲ್ಲು ನಡೆಯಿತು.

ತರಗತಿಯಲ್ಲಿ ನನ್ನಂಥ ತಾಯಂದಿರು ಬಹಳ. ಯಾದಗಿರಿಯವರು, ಚಾಮರಾಜನಗರದವರು, ಕೇರಳದಿಂದ ಬಂದವರು. ಒಬ್ಬಳು ಹೊಲ ಲೀಜಿಗೆ ಹಾಕಿ ಬಂದಿದ್ದಳು. ಒಬ್ಬಳು ದೊಡ್ಡ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ರಾತ್ರಿ ಆ ಹುಡುಗಿ ಫೋನ್ ಮಾಡಿ 'ನನಗೂ ಏನರ ಆಗಿದ್ರ ನನ್ನೂ ಕರಕೊಂಡು ಹೋಗ್ತಿದ್ದೇನವ್ವಾ?' ಎಂದು ಕೇಳಿದಳಂತೆ. ಊರು ಬಿಡುವ ಲೆಕ್ಕದಲ್ಲಿ ಬಾಡಿಗೆ, ರೈಲು ಚಾರ್ಜು, ಬಿಟ್ಟ ಪಗಾರ ಎಲ್ಲ ಬರೆದುಕೊಳ್ಳುತ್ತೇವೆ. ಮನೆಯಲ್ಲಿ ಉಳಿದ ಇನ್ನೊಂದು ಮಗುವಿನ ಹೆಸರಿನಲ್ಲಿ ಒಂದು ಸಾಲೂ ಇರುವುದಿಲ್ಲ.

ಅಲ್ಲಿ ಕಲಿತದ್ದು ನೋಡಲು ಸಣ್ಣ ಸಣ್ಣ ಕೆಲಸ. ದಿನದ ಕೆಲಸಗಳನ್ನು ಚಿತ್ರವಾಗಿಸಿ ಗೋಡೆಗೆ ಸಾಲಾಗಿ ಹಚ್ಚುವುದು: ಹಲ್ಲು, ಸ್ನಾನ, ತಿಂಡಿ, ಸಾಲಿ. ಮುಗಿದದ್ದನ್ನು ಅವನ ಕೈಯಿಂದಲೇ ತೆಗೆಸುವುದು. ಅಂಗಿ ತೊಡುವುದನ್ನು ಎಂಟು ಹೆಜ್ಜೆಗಳಾಗಿ ಒಡೆದು ಮೊದಲು ಕೊನೆಯ ಹೆಜ್ಜೆ ಮಾತ್ರ ಅವನಿಗೆ ಬಿಡುವುದು, ಗೆದ್ದ ಖುಷಿ ದಿನವೂ ಸಿಗಲಿ ಎಂದು. ಬೇಕಾದದ್ದು ಕೈಗೆ ಸಿಗದಷ್ಟು ಎತ್ತರದಲ್ಲಿ, ಕಣ್ಣಿಗೆ ಕಾಣುವಂತೆ ಇಟ್ಟು, ಅವನು ಕೇಳುವವರೆಗೆ ಕಾಯುವುದು. ಈ ಕಾಯುವುದೇ ಎಲ್ಲಕ್ಕಿಂತ ಕಷ್ಟ. ಮಗು ಬಾಯಿ ತೆರೆಯುವ ಮೊದಲೇ ನಾವು ಗುಬ್ಬಿಯಂತೆ ಗುಟುಕು ಕೊಟ್ಟುಬಿಡುತ್ತೇವೆ. ಅಲ್ಲಿಯ ಶಿಕ್ಷಕಿಯೊಬ್ಬರಿಗೆ ಬಾಳೆಹಣ್ಣಿನ ಕಥೆ ಹೇಳಿದೆ. ಅವರು ನಗಲಿಲ್ಲ. 'ಹಾಗಾದರೆ ಅವನು ಸರಿಯಾಗೇ ಇಟ್ಟಿದ್ದಾನಲ್ಲಮ್ಮ' ಎಂದರು. ನಮ್ಮ ಕಾರ್ಡುಗಳನ್ನೆಲ್ಲ ನಾವೇ ಮಾಡಿಕೊಳ್ಳೋಣ ಎಂದರು. ಬ್ರೆಡ್ಡಿನ ಜಾಗಕ್ಕೆ ರೊಟ್ಟಿ ಬಂತು, ಜೂಸಿನ ಜಾಗಕ್ಕೆ ಮಜ್ಜಿಗೆ. ಹನ್ನೊಂದನೆಯ ತಿಂಗಳು ಒಂದು ದಿನ ಅವನು ಅಟ್ಟದ ಡಬ್ಬಿ ನೋಡಿ 'ರೊಟ್ಟಿ ಕೊಡ್' ಅಂದ. ಡಬ್ಬಿಯಲ್ಲಿ ರೊಟ್ಟಿ ಇರಲಿಲ್ಲ. ಅವನನ್ನು ಬಗಲಲ್ಲಿ ಎತ್ತಿಕೊಂಡೇ ಹಿಟ್ಟು ನಾದಿದೆ.

ಅಲ್ಲೇ ಉಳಿಯಬಹುದಿತ್ತು. ಹಾಗೆ ಉಳಿದು, ಮೂರು ವರ್ಷ ಆರಾಗಿ, ಗಂಡ ಒಂದೂರು ಹೆಂಡತಿ ಒಂದೂರು ಎಂದು ಸಂಸಾರವೇ ಸವೆದುಹೋದವರನ್ನು ನೋಡಿದ್ದೇನೆ. ಅವರನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ. ನಾನು ತಿರುಗಿ ಬಂದದ್ದು, ನನ್ನ ಮಗ ಬಾಳಬೇಕಾದ ಊರು ಕಲಬುರಗಿ ಎಂಬ ಕಾರಣಕ್ಕೆ. ಅವನಿಗೆ ಚಿಲ್ಲರೆ ಎಣಿಸಿ ಕೊಡಬೇಕಾದ ಅಂಗಡಿಯವನು ಇಲ್ಲಿದ್ದಾನೆ. ನಾಳೆ ನಾವಿಲ್ಲದಾಗ ಅವನ ಕೈ ಹಿಡಿಯಬೇಕಾದ ಅಣ್ಣತಮ್ಮಂದಿರು ಇಲ್ಲಿದ್ದಾರೆ.

ಬಂದ ಮೇಲೆ ಸಾಲಿ ಹುಡುಕಾಟ. ಒಂದು ಶಾಲೆಯಲ್ಲಿ ಸೀಟಿದೆ ಎಂದವರು ಮಗನನ್ನು ನೋಡಿದ ಮೇಲೆ ಸೀಟಿಲ್ಲ ಎಂದರು. ಇನ್ನೊಂದರಲ್ಲಿ 'ಉಳಿದ ಮಕ್ಕಳ ತಂದಿತಾಯಿ ಏನಂತಾರ, ನೀವೇ ಹೇಳ್ರಿ' ಎಂದರು. ಕಾನೂನು ಏನನ್ನುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಈಗ ಕಂಠಪಾಠವಾಗಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕು ಎಂಬುದು ಅದರ 16ನೇ ಕಲಮು. ಶೇ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ, ಇಲ್ಲವೇ ಅದು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಎಂಬುದು 31ನೇ ಕಲಮು. ನೆರೆಹೊರೆ ಎಂಬ ಆ ಶಬ್ದವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ನನ್ನ ಮಗನ ಹಕ್ಕು ಕಪನೂರದಲ್ಲಿದೆ, ಮಾನಸಗಂಗೋತ್ರಿಯಲ್ಲಿ ಅಲ್ಲ.

ಕೊನೆಗೆ ಅವನನ್ನು ಸೇರಿಸಿಕೊಂಡದ್ದು ಒಂದು ಸರ್ಕಾರಿ ಕನ್ನಡ ಶಾಲೆ. ಅಲ್ಲಿಯ ಶಿಕ್ಷಕಿಗೆ, ನಮ್ಮ ಮಾತಿನಲ್ಲಿ ಅಕ್ಕೋರಿಗೆ, ಆಟಿಸಂ ಎಂದರೆ ಏನೆಂದು ತಿಳಿದಿರಲಿಲ್ಲ. 'ಹೇಳಿಕೊಡ್ರಿ, ಕಲೀತೀನಿ' ಎಂದರು. ನನ್ನ ಚಿತ್ರಗಳ ಸಾಲನ್ನು ಅವರು ತರಗತಿಯ ಗೋಡೆಗೂ ಹಚ್ಚಿದರು. ಈಗ ಅಲ್ಲಿಯ ಮಕ್ಕಳೆಲ್ಲರೂ ಊಟದ ಗಂಟೆ ಆದಮೇಲೆ ಚಿತ್ರ ತೆಗೆಯಲು ಓಡುತ್ತಾರೆ. ಸರ್ಕಾರದ ಸಮಗ್ರ ಶಿಕ್ಷಣದಡಿ ಬ್ಲಾಕಿಗೆ ನೇಮಿಸುವ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಇಂಥ ಅಕ್ಕೋರಿಗೆ ಆಸರೆಯಾಗಬೇಕು. ಆದರೆ ಅವರು ಒಂದು ಶಾಲೆಯವರಲ್ಲ, ಇಡೀ ಬ್ಲಾಕಿನ ಎಲ್ಲ ಬಗೆಯ ವಿಶೇಷ ಮಕ್ಕಳೂ ಅವರ ಪಾಲಿಗೆ. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ಅದೇ ಕೋರ್ಟು ಆ ಹುದ್ದೆಗಳನ್ನು ಗುರುತಿಸಿ ಅಧಿಸೂಚನೆ ಹೊರಡಿಸಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಆ ಮೂರೂವರೆ ವರ್ಷಗಳಲ್ಲಿ ಮೂರು ವರ್ಷದ ಮಗು ಆರು ದಾಟಿತು. ಕಲಿಯಲು ಅತಿ ಹದವಾದ ಕಾಲ ಅದೇ.

ಅಮೆರಿಕದಲ್ಲಿರುವ ನಮ್ಮ ಕಡೆಯ ಒಬ್ಬ ತಂಗಿಯ ಮಗುವಿಗೂ ಆಟಿಸಂ ಇದೆ. ಅವರೂ ಮನೆ ಬದಲಿಸಿದರು, ಒಳ್ಳೆಯ ಶಾಲೆಗಳಿರುವ ಊರು ನೋಡಿ. ಅಲ್ಲಿ ಇಂಥ ಮಕ್ಕಳ ಶಿಕ್ಷಣದ ಕಾಯ್ದೆ 1975ರದು, ಆಟಿಸಂಗೆ ಅದರಲ್ಲಿ ಪ್ರತ್ಯೇಕ ಹೆಸರು ಸಿಕ್ಕಿದ್ದು 1990ರಲ್ಲಿ. ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ ಅದರ ಜೊತೆಗೇ ಪ್ರಯಾಣ ಮಾಡುತ್ತದೆ. ವರ್ಷದ ನಡುವೆ ಊರು ಬದಲಾದರೆ ಹೊಸ ಶಾಲೆ ಹಳೆಯದಕ್ಕೆ ಸರಿಸಮನಾದ ನೆರವು ಕೊಡಲೇಬೇಕು. ನಾನು ಮೂರು ಊರುಗಳಲ್ಲಿ ಮೂರು ಸಲ ಅವೇ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. ಪ್ರತಿಸಲವೂ ಹೆರಿಗೆಯ ತೂಕದಿಂದ ಶುರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಕಲಬುರಗಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ 25 ಲಕ್ಷ ದಾಟಿತ್ತು. ಅದೇ ಅನುಪಾತ ಹಿಡಿದು ನಾನೇ ಭಾಗಾಕಾರ ಮಾಡಿದೆ. ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಬರುತ್ತದೆ. ಇಷ್ಟು ಮನೆಗಳು ರೈಲು ಹತ್ತಲು ಆಗುವುದಿಲ್ಲ. ಹತ್ತಲು ಆಗುವವರು ಸ್ವಲ್ಪವಾದರೂ ಕೈಯಲ್ಲಿ ಇದ್ದವರು, ನಮ್ಮಂಥವರು. ಉಳಿದ ಮಕ್ಕಳು ಮನೆಯ ಒಳಕೋಣೆಯಲ್ಲಿ ಬೆಳೆಯುತ್ತಾರೆ, ಮದುವೆ ಮುಂಜಿಗೆ ಬರುವುದಿಲ್ಲ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರದೇಶದ ಅಭಿವೃದ್ಧಿ ಮಂಡಳಿ ಬಂತು, ಈಚಿನ ಬಜೆಟ್ಟುಗಳಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿಯವರೆಗೆ ಮಾತು ಬಂದಿದೆ. ಕಟ್ಟಡ ಕಟ್ಟಬೇಡಿ ಎನ್ನುವುದಿಲ್ಲ. ಆದರೆ ನನ್ನ ಮಗನಿಗೆ ಬೇಕಾದದ್ದು ಒಬ್ಬ ಮನುಷ್ಯಳು. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಕೋರ್ಸನ್ನು ಇಲ್ಲಿಯ ಹುಡುಗಿಯರು ಇಲ್ಲೇ ಓದುವಂತಾಗಲಿ, ಓದಿದವರಿಗೆ ಇಲ್ಲೇ ಖಾಯಂ ಕೆಲಸವಾಗಲಿ. ಸ್ಥಳೀಯರಿಗೆ ಸೀಟು, ನೌಕರಿ ಕಾಯ್ದಿಡಲು 371(ಜೆ) ಇದ್ದೇ ಇದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾಯಿತು, ನನ್ನ ತವರಿಗೂ ಸ್ಟೇಷನ್ ಬಂತು. ಒಬ್ಬ ವಿಶೇಷ ಶಿಕ್ಷಕಿ ವಾರದಲ್ಲಿ ಎರಡು ದಿನ ಕಮಲಾಪುರಕ್ಕೆ ಹೋಗಿ ಹತ್ತು ತಾಯಂದಿರನ್ನು ಕೂಡಿಸಿಕೊಂಡು ಕೂತರೆ ಹತ್ತು ಮನೆ ಊರು ಬಿಡುವುದು ತಪ್ಪುತ್ತದೆ. ನಾನು ಮೈಸೂರಿನಿಂದ ತಂದದ್ದು ಯಂತ್ರವಲ್ಲ, ಔಷಧವಲ್ಲ, ಒಂದು ಟ್ರಂಕಿನಲ್ಲಿ ಹಿಡಿಯುವ ಕಾರ್ಡುಗಳು ಮತ್ತು ಕಾಯುವ ಅಭ್ಯಾಸ.

ಕಳೆದ ತಿಂಗಳು ಕಮಲಾಪುರದಿಂದ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಸಂಗಡ ಅತ್ತೆ, ಬಗಲಲ್ಲಿ ಮೂರು ವರ್ಷದ ಮಗಳು. ಆ ಕೂಸು ಬಂದದ್ದೇ ನಮ್ಮ ಚಪ್ಪಲಿಗಳನ್ನೆಲ್ಲ ಗೋಡೆಯ ಗುಂಟ ಸಾಲು ಹಚ್ಚಿತು. ನನ್ನ ಮಗ ದೂರ ನಿಂತು ನೋಡಿದ. ಆಮೇಲೆ ಹೋಗಿ, ಸೊಟ್ಟಗಿದ್ದ ಒಂದು ಚಪ್ಪಲಿಯನ್ನು ಸರಿ ಮಾಡಿ ಬಂದ.

'ಮೈಸೂರಿಗಿ ಹೋಗಬೇಕೇನ್ರಿ ಅಕ್ಕಾ? ಹೊಲ ಮಾರೂದು ಅಂತಾರ ಮನ್ಯಾಗ' ಎಂದಳು.

'ಹೊಲ ಮಾರಬ್ಯಾಡ್ರಿ, ಮನಿ ಖಾಲಿ ಮಾಡಬ್ಯಾಡ್ರಿ. ಹೋಗು, ಒಂದು ವರ್ಷ ಕಲಿ, ಕಲಿತು ಬಾ' ಎಂದೆ. 'ಹೋಗೂದಕ್ಕಿಂತ ಮೊದಲ ಒಂದು ಕೆಲಸ ಮಾಡು. ಮನಿ ಫೋಟೋ ಎಲ್ಲಾ ತಗೋ. ಬಾಗಿಲ, ನಳ, ತಾಟು, ಹಾಸಿಗಿ, ಎಮ್ಮಿ. ಅಕಿ ಏನೇನು ದಿನಾ ನೋಡ್ತಾಳ ಅದೆಲ್ಲಾ.'

ಅವಳು ಅಲ್ಲಿಂದಲೇ ಶುರು ಮಾಡಿದಳು. ಫೋನ್ ಎತ್ತಿ ಅತ್ತೆಯ ಕಡೆ ಹಿಡಿದಾಗ ಆ ಹಿರಿಜೀವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ನೆಟ್ಟಗೆ ಕೂತಿತು.